ಅಡ್ವಾನ್ಸ್ ಕೊಡುವ ಮುಂಚೆ ಕಾಗದ ಬಿಚ್ಚಿಸಿ

ಮನೆ ನೋಡಿದ ಸಂಜೆಯೇ ಅಡ್ವಾನ್ಸ್ ಕೊಟ್ಟು ಬರುವ ಅಭ್ಯಾಸವನ್ನು ಮೊದಲು ಬಿಡಿ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆ ಮನೆ, ಸೈಟಿನ ವ್ಯವಹಾರ ಕೆಡುವುದು ಹೆಚ್ಚಾಗಿ ಈ ಒಂದು ಅವಸರದಿಂದಲೇ. ಹೊಗೆಸೊಪ್ಪಿನ ದುಡ್ಡು ಈಗಷ್ಟೇ ಕೈಗೆ ಬಂದಿರುತ್ತದೆ, ಶೂನ್ಯಮಾಸ ಹತ್ತಿರವಾಗುತ್ತಿರುತ್ತದೆ, ‘ನಾಳೆ ಇನ್ನೊಂದು ಪಾರ್ಟಿ ಬರ್ತಾ ಇದೆ’ ಎಂದು ದಲ್ಲಾಳಿ ಕಿವಿಯಲ್ಲಿ ಊದುತ್ತಾನೆ. ನೀವು ಲಕ್ಷ ರೂಪಾಯಿ ಎಣಿಸಿ ವೀಳ್ಯದೆಲೆಯ ಮೇಲಿಟ್ಟು ಕೊಟ್ಟುಬಿಡುತ್ತೀರಿ. ಕಾಗದ ಕೇಳುವುದು ಆಮೇಲೆ. ಕಾಗದದಲ್ಲಿ ತೊಡಕು ಕಂಡರೆ ಕೊಟ್ಟ ದುಡ್ಡನ್ನು ವಾಪಸ್ ಕೇಳಲು ತಿಂಗಳುಗಟ್ಟಲೆ ಅವರ ಜಗುಲಿಯ ಮೇಲೆ ಕೂರಬೇಕು. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

‘ಗೊತ್ತಿರೋರೇ ಅಲ್ವಾ, ಕಾಗದ ಕೇಳಿದ್ರೆ ಏನಂದ್ಕೋತಾರೋ’ ಎನ್ನುತ್ತೀರಿ. ಗೊತ್ತಿರುವವರಾದ್ದರಿಂದಲೇ ಕೇಳಬೇಕು. ದೊಡ್ಡ ನಗರದಲ್ಲಿ ಮಾರಿದವರೂ ಕೊಂಡವರೂ ಮತ್ತೆ ಮುಖ ನೋಡಬೇಕಾಗಿಲ್ಲ. ನಮ್ಮ ಊರುಗಳಲ್ಲಿ ಹಾಗಲ್ಲ. ಸಂತೆಯಲ್ಲಿ, ಸೊಸೈಟಿಯ ಮುಂದೆ, ಮದುವೆಮನೆಯ ಊಟದ ಪಂಕ್ತಿಯಲ್ಲಿ ಎದುರುಬದುರು ಕೂರಬೇಕು. ಮನೆಯ ವ್ಯವಹಾರ ಕೆಟ್ಟರೆ ದುಡ್ಡಿನ ಜೊತೆಗೆ ನೆಂಟಸ್ತಿಕೆಯೂ ಹೋಗುತ್ತದೆ. ತಾಯಿ ಮಕ್ಕಳಾದರೂ ಬಾಯಿ ಬೇರೆ, ಹೊಟ್ಟೆ ಬೇರೆ. ಆದ್ದರಿಂದ ಮನೆ ಮೆಚ್ಚಿದರೆ ‘ಮನೆ ಚೆನ್ನಾಗಿದೆ, ಕಾಗದಗಳ ಜೆರಾಕ್ಸ್ ಕೊಡಿ, ಹದಿನೈದು ದಿನದಲ್ಲಿ ಉತ್ತರ ಹೇಳುತ್ತೇವೆ’ ಎಂದು ನಗುಮುಖದಿಂದ ಹೇಳಿ ಬನ್ನಿ. ನೇರವಂತರು ಯಾರೂ ಇದಕ್ಕೆ ಬೇಸರಪಡುವುದಿಲ್ಲ. ಕಾಗದ ಎಂದ ಕೂಡಲೇ ಮುಖ ಗಂಟಿಕ್ಕುವವರ ಹತ್ತಿರ ಮನೆ ಕೊಳ್ಳಲೇಬೇಡಿ.

ಕಾಗದ ಕೈಗೆ ಬಂದಾಗ ಕೇಳಬೇಕಾದ ಮೊದಲ ಪ್ರಶ್ನೆ, ಈ ಮನೆ ನಿಂತಿರುವ ನೆಲ ಯಾವ ಬಗೆಯದು ಎಂಬುದು. ಪಟ್ಟಣದೊಳಗಿದ್ದರೆ ನಗರಸಭೆ ಅಥವಾ ಪುರಸಭೆಯ ಇ-ಖಾತೆ ಇರಬೇಕು. ಹಳ್ಳಿಯ ಗ್ರಾಮಠಾಣದೊಳಗಿದ್ದರೆ ಪಂಚಾಯಿತಿಯ ಇ-ಸ್ವತ್ತು, ಅಂದರೆ ನಮೂನೆ 9 ಮತ್ತು 11ಎ. ಇ-ಸ್ವತ್ತು ವ್ಯವಸ್ಥೆ ಬಂದದ್ದು 2013ರಲ್ಲಿ. ಅದಕ್ಕೂ ಹಿಂದಿನ ಕೈಬರಹದ ಖಾತಾ ನಕಲು ತೋರಿಸಿ ‘ಎಲ್ಲಾ ಸರಿಯಾಗಿದೆ’ ಎಂದರೆ ನಂಬಬೇಡಿ. ಅದನ್ನು ಇಟ್ಟುಕೊಂಡು ಈಗ ಕ್ರಯಪತ್ರ ನೋಂದಣಿ ಆಗುವುದಿಲ್ಲ. ಇ-ಸ್ವತ್ತು ಮಾಡಿಸಿಕೊಟ್ಟ ಮೇಲೆಯೇ ಮುಂದಿನ ಮಾತು ಎಂದು ಮಾರುವವರಿಗೆ ಮೊದಲೇ ಹೇಳಿ. ನಮೂನೆ 11ಬಿ ಕೊಟ್ಟರೆ ಅದನ್ನು ತೆಗೆದುಕೊಂಡು ಪಿಡಿಒ ಹತ್ತಿರ ಹೋಗಿ, ಇದಕ್ಕೆ 11ಎ ಏಕೆ ಸಿಕ್ಕಿಲ್ಲ ಎಂದು ಬಾಯಿಬಿಟ್ಟು ಕೇಳಿ. ಪಂಚಾಯಿತಿ ಕಂದಾಯ ಕಟ್ಟಿಸಿಕೊಂಡ ಮಾತ್ರಕ್ಕೆ ಜಾಗ ಸಕ್ರಮವಾಯಿತು ಎಂದಲ್ಲ. ಇದು ಎಷ್ಟು ಹೇಳಿದರೂ ನಿಮ್ಮಲ್ಲಿ ಅರ್ಧ ಜನರ ಕಿವಿಗೆ ಬೀಳುವುದೇ ಇಲ್ಲ. ಕಂದಾಯದ ರಸೀದಿಯನ್ನು ದೇವರ ಪಟದ ಹಿಂದೆ ಇಟ್ಟು ಪೂಜೆ ಮಾಡುತ್ತೀರಿ.

ಹೆದ್ದಾರಿಯ ಪಕ್ಕದಲ್ಲಿ ಬಣ್ಣದ ಬಾವುಟ ಕಟ್ಟಿ ಮಾರುವ ಸೈಟುಗಳ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. ಮೈಸೂರು-ಕುಶಾಲನಗರ ನಾಲ್ಕು ಪಥದ ರಸ್ತೆಗೆ 2023ರ ಮಾರ್ಚ್ 12ರಂದು ಶಂಕುಸ್ಥಾಪನೆಯಾಯಿತು. ಹುಣಸೂರು, ಪಿರಿಯಾಪಟ್ಟಣದ ಕಡೆ ಹೋಗುವ ಆ ರಸ್ತೆಯ ಹೆಸರು ಹೇಳಿ ಜಮೀನನ್ನು ಗುಂಟೆ ಲೆಕ್ಕದಲ್ಲಿ ಸೀಳಿ ಮಾರುವವರಿದ್ದಾರೆ. 2020ರ ತಿದ್ದುಪಡಿಯಾದ ಮೇಲೆ ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು, ನಿಜ. ಕೊಳ್ಳಬಹುದು ಎಂದರೆ ಅಲ್ಲಿ ಮನೆ ಕಟ್ಟಬಹುದು ಎಂದಲ್ಲ. ಜಮೀನು ಅನ್ಯಕ್ರಾಂತ ಆಗಿರಬೇಕು, ಬಡಾವಣೆಯ ನಕ್ಷೆಗೆ ಯೋಜನಾ ಪ್ರಾಧಿಕಾರದ ಮಂಜೂರಾತಿ ಇರಬೇಕು, ರಸ್ತೆ ಮತ್ತು ಪಾರ್ಕಿನ ಜಾಗ ಬಿಟ್ಟುಕೊಟ್ಟಿರಬೇಕು. 500 ಚದರ ಮೀಟರ್ ಮೀರಿದ ಬಡಾವಣೆಯಾದರೆ ರೇರಾ ನೋಂದಣಿ ಸಂಖ್ಯೆ ಕೇಳಿ. ರಸ್ತೆ ಅಗಲೀಕರಣಕ್ಕೆ ಆ ಸರ್ವೆ ನಂಬರ್ ಹೋಗಿದೆಯೇ ಎಂಬುದನ್ನೂ ವಿಚಾರಿಸಿ. ಬೆಳ್ಳಗಿರುವುದೆಲ್ಲ ಹಾಲಲ್ಲ. ಬೈಲಕುಪ್ಪೆ, ಗುರುಪುರದ ಟಿಬೆಟನ್ ಶಿಬಿರಗಳ ಒಳಗಿನ ಮನೆ, ಜಮೀನನ್ನು ಕೊಡಿಸುತ್ತೇನೆ ಎಂದು ಯಾರಾದರೂ ಬಂದರೆ ಮಾತನ್ನು ಅಲ್ಲೇ ಮುಗಿಸಿ. ಅದು ಅವರು ನೆಲೆಸಲು ಸರ್ಕಾರ ಕೊಟ್ಟ ಜಾಗ.

ಇನ್ನು ಇಸಿ, ಋಣಭಾರ ಪತ್ರ. ಮಗಳಿಗೆ ಗಂಡು ನೋಡುವಾಗ ಜಾತಕ ತರಿಸುತ್ತೀರಿ, ಮನೆಯ ಜಾತಕ ತರಿಸಲು ಏಕೆ ಸೋಮಾರಿತನ? 2004ರ ಏಪ್ರಿಲ್‌ನಿಂದ ಈಚಿನ ವಿವರ ಕಾವೇರಿ ಆನ್‌ಲೈನ್‌ನಲ್ಲೇ ಸಿಗುತ್ತದೆ. ಅದಕ್ಕೂ ಹಿಂದಿನದಕ್ಕೆ ಸಬ್ ರಿಜಿಸ್ಟ್ರಾರ್ ಕಚೇರಿಗೆ ಅರ್ಜಿ ಕೊಡಬೇಕು. ಮೂವತ್ತು ವರ್ಷದ್ದನ್ನಾದರೂ ತೆಗೆಸಿ. ಹತ್ತು ವರ್ಷದ ಇಸಿ ತಂದು ನಿಶ್ಚಿಂತೆಯಾಗಿ ಮಲಗುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಹನ್ನೆರಡು ವರ್ಷದ ಹಿಂದೆ ಆ ಮನೆಯನ್ನು ಅಡವಿಟ್ಟಿದ್ದರೆ ಅದು ಇಸಿಯಲ್ಲಿ ಕಾಣುವುದು ಹೇಗೆ? ಇಸಿಯಲ್ಲಿ ಎಲ್ಲವೂ ಕಾಣುವುದಿಲ್ಲ ಎಂಬುದೂ ತಿಳಿದಿರಲಿ. ನೋಂದಣಿಯಾಗದ ಪಾಲು ಪಾರೀಖತ್ತು ಅಲ್ಲಿ ಬರುವುದಿಲ್ಲ. ಕೋರ್ಟಿನಲ್ಲಿ ನಡೆಯುತ್ತಿರುವ ದಾವೆ ಬರುವುದಿಲ್ಲ. ಮನೆಯಲ್ಲಿ ಬಾಯಿಮಾತಿನ ಭೋಗ್ಯಕ್ಕೆ ಯಾರಾದರೂ ಕೂತಿದ್ದರೆ ಅದೂ ಬರುವುದಿಲ್ಲ. ಅದಕ್ಕೇ ಮನೆಯೊಳಗೆ ಇರುವವರನ್ನು ಮಾತನಾಡಿಸಿ. ‘ಎಷ್ಟು ವರ್ಷದಿಂದ ಇದ್ದೀರಿ, ಬಾಡಿಗೆಯೋ ಭೋಗ್ಯವೋ’ ಎಂದು ಅವರನ್ನೇ ಕೇಳಿ. ಮೂಲಪತ್ರವನ್ನು ಕಣ್ಣಾರೆ ನೋಡಿ. ‘ಕಳೆದುಹೋಗಿದೆ’ ಎಂದರೆ ಬ್ಯಾಂಕಿನಲ್ಲೋ ಕೈಸಾಲ ಕೊಟ್ಟವರ ಬೀರುವಿನಲ್ಲೋ ಇರಬಹುದು ಎಂದು ವಿಚಾರಿಸಿಕೊಳ್ಳಿ.

ಹಳೆಯ ಕ್ರಯಪತ್ರ ಓದುವುದನ್ನು ವಕೀಲರಿಗೆ ಬಿಟ್ಟು ಕೈತೊಳೆದುಕೊಳ್ಳಬೇಡಿ, ನೀವೂ ಓದಿ. ಮುಖ್ಯವಾಗಿ ಚಕ್ಕುಬಂದಿ. ‘ಪೂರ್ವಕ್ಕೆ ಇಂಥವರ ಹಿತ್ತಲು, ಪಶ್ಚಿಮಕ್ಕೆ ಓಣಿ, ಉತ್ತರಕ್ಕೆ ಇಂಥವರ ದನದ ಕೊಟ್ಟಿಗೆ, ದಕ್ಷಿಣಕ್ಕೆ ಹುಣಸೇಮರ’ ಎಂದು ಬರೆದಿರುತ್ತದೆ. ಹಿತ್ತಲು ಹೋಗಿ ಎರಡಂತಸ್ತಿನ ಮನೆಯಾಗಿರುತ್ತದೆ, ಕೊಟ್ಟಿಗೆ ಅಂಗಡಿಯಾಗಿರುತ್ತದೆ, ಹುಣಸೇಮರ ಯಾವಾಗಲೋ ಸೌದೆಯಾಗಿರುತ್ತದೆ. ಪತ್ರದಲ್ಲಿ ಪೂರ್ವ-ಪಶ್ಚಿಮ ನಲವತ್ತು ಅಡಿ ಎಂದಿರುತ್ತದೆ, ಟೇಪು ಹಿಡಿದರೆ ಮೂವತ್ತಾರೂವರೆ ಬರುತ್ತದೆ. ಉಳಿದ ಮೂರೂವರೆ ಅಡಿ ಎಲ್ಲಿ ಹೋಯಿತು? ಪಕ್ಕದ ಮನೆಯ ಬಚ್ಚಲಿನ ಒಳಗೋ, ಓಣಿಯ ಚರಂಡಿಯ ಕೆಳಗೋ ಹೋಗಿರುತ್ತದೆ. ಆದ್ದರಿಂದ ಟೇಪು ತೆಗೆದುಕೊಂಡು ಹೋಗಿ, ಮಾರುವವರನ್ನೂ ಅಕ್ಕಪಕ್ಕದವರನ್ನೂ ನಿಲ್ಲಿಸಿಕೊಂಡು ನಾಲ್ಕೂ ಕಡೆ ಅಳೆಯಿರಿ. ನಡುಗೋಡೆ ಯಾರದ್ದು, ನಿಮ್ಮ ಸೂರಿನ ನೀರು ಯಾರ ಜಾಗಕ್ಕೆ ಬೀಳುತ್ತದೆ, ಹಿತ್ತಲಿಗೆ ಹೋಗುವ ದಾರಿ ಪತ್ರದಲ್ಲಿದೆಯೇ ಇಲ್ಲಾ ಬರೀ ರೂಢಿಯೇ, ಇವನ್ನೆಲ್ಲ ಅಲ್ಲೇ ನಿಂತು ಕೇಳಿ. ಹೊಸ ಕ್ರಯಪತ್ರದಲ್ಲಿ ಈಗಿನ ಅಕ್ಕಪಕ್ಕದವರ ಹೆಸರು, ಅಳತೆ ಹಾಕಿಸಿ. ಹಳೆಯದನ್ನೇ ನಕಲು ಹೊಡೆಸಿದರೆ ತಕರಾರನ್ನೂ ಜೊತೆಗೇ ಕೊಂಡ ಹಾಗೆ.

ಹಳೇ ತೊಟ್ಟಿಮನೆಯಾದರೆ ತೊಲೆ, ಜಂತೆಗಳಿಗೆ ಗೆದ್ದಲು ಹಿಡಿದಿದೆಯೇ ಎಂದು ಬಡಿದು ನೋಡಿ, ಹೆಂಚು ಎಲ್ಲೆಲ್ಲಿ ಸೋರುತ್ತದೆ ಎಂಬುದನ್ನು ಮಳೆ ಬಂದ ಮಾರನೇ ದಿನ ಹೋಗಿ ನೋಡಿ. ಹೊಲದ ಮನೆಯ ಜೊತೆಗೆ ಹೊಗೆಸೊಪ್ಪಿನ ಬ್ಯಾರನ್ ಸೇರಿಸಿ ಕೊಡುತ್ತೇವೆ ಎಂದರೆ ಕಟ್ಟಡ ಬರುತ್ತದೆ, ತಂಬಾಕು ಮಂಡಳಿಯ ಲೈಸೆನ್ಸ್ ತಾನಾಗಿ ನಿಮ್ಮ ಹೆಸರಿಗೆ ಬರುವುದಿಲ್ಲ. ಲೈಸೆನ್ಸಿನ ಲೆಕ್ಕ ಹಾಕಿ ಬೆಲೆ ಏರಿಸಲು ಬಿಡಬೇಡಿ.

ನೀರಿನ ದಡದ ಮೋಹ ಎಲ್ಲರಿಗೂ ಇದೆ. ನದಿ ಕಾಣುವ ಮನೆ ಚೆಂದ, ಆದರೆ ನದಿಯನ್ನು ಬೇಸಿಗೆಯಲ್ಲಿ ನೋಡಿ ಮನೆ ಕೊಳ್ಳಬೇಡಿ. ಕೃಷ್ಣರಾಜನಗರ ಎಂಬ ಊರು ಹುಟ್ಟಿದ್ದೇ ಕಾವೇರಿಯ ಪ್ರವಾಹಕ್ಕೆ ಸಿಕ್ಕಿ ನೊಂದ ಎಡತೊರೆಯ ಜನಕ್ಕೆ ಎತ್ತರದ ಜಾಗ ಬೇಕಾಗಿ. ಹಿಂದಿನವರು ಊರನ್ನೇ ಮೇಲಕ್ಕೆ ತಂದರು, ಈಗಿನವರು ಮತ್ತೆ ದಡಕ್ಕೆ ಇಳಿಯುತ್ತಿದ್ದಾರೆ. 2019ರ ಆಗಸ್ಟಿನಲ್ಲಿ ಲಕ್ಷ್ಮಣತೀರ್ಥ ಉಕ್ಕಿ ಹುಣಸೂರಿನ ಕಡೆ, ಕಬಿನಿ ತುಂಬಿ ಕೋಟೆಯ ಕಡೆ ಜನ ಪಟ್ಟ ಪಾಡು ಮರೆತುಹೋಯಿತೇ? ಮನೆ ನೋಡಲು ಹೋದಾಗ ಎದುರು ಮನೆಯ ಅಜ್ಜಿಯನ್ನು ಕೇಳಿ, ‘ಆ ವರ್ಷ ನೀರು ಎಲ್ಲಿಯವರೆಗೆ ಬಂದಿತ್ತಮ್ಮ?’ ಎಂದು. ಆಕೆ ಗೋಡೆ ಮುಟ್ಟಿ ತೋರಿಸುತ್ತಾಳೆ. ಮಾರುವವರು ಹೊಸದಾಗಿ ಹೊಡೆಸಿದ ಬಣ್ಣದ ಕೆಳಗೆ ಆ ಗೆರೆ ನಿಮಗೆ ಕಾಣುವುದಿಲ್ಲ.

ಕಬಿನಿ ಹಿನ್ನೀರಿನ ಜಾಗದ್ದು ಬೇರೆಯೇ ತೊಡಕು. ಅಣೆಕಟ್ಟು ಪೂರ್ತಿಯಾದದ್ದು 1974ರಲ್ಲಿ. ಅದಕ್ಕಾಗಿ ಸ್ವಾಧೀನವಾದ ಭೂಮಿ ನೀರು ಇಳಿದಾಗ ಒಣಗಿದ ಹೊಲದಂತೆ ಕಾಣುತ್ತದೆ, ಬೆಳೆಯನ್ನೂ ಬೆಳೆಯುತ್ತಾರೆ. ಆದರೆ ಅದು ಮಾರುವವರದ್ದಲ್ಲ. ದಿಶಾಂಕ್ ಆ್ಯಪ್‌ನಲ್ಲಿ ನಿಂತ ಜಾಗದ ಸರ್ವೆ ನಂಬರ್ ನೋಡಿ, ಪಹಣಿ ತೆಗೆಸಿ, ಅದು ಸರ್ಕಾರಿ, ಗೋಮಾಳ, ಅರಣ್ಯ ಎಂದು ಇದೆಯೇ ಪರೀಕ್ಷಿಸಿ. ಬಂಡೀಪುರದ ಸುತ್ತ 2012ರಲ್ಲಿ ಪರಿಸರ ಸೂಕ್ಷ್ಮ ವಲಯ ಘೋಷಣೆಯಾಗಿ, ಕೋಟೆ ತಾಲ್ಲೂಕಿನ ಹಳ್ಳಿಗಳೂ ಅದರೊಳಗೆ ಸೇರಿವೆ. ಅಲ್ಲಿ ಕಟ್ಟಡ ಕಟ್ಟಲು ನಿರ್ಬಂಧಗಳಿವೆ. ‘ಹೋಂಸ್ಟೇ ಮಾಡಿದರೆ ಎರಡೇ ವರ್ಷದಲ್ಲಿ ಬಂಡವಾಳ ವಾಪಸ್’ ಎಂಬ ಮಾತು ಕೇಳಿ ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಬೇಡಿ.

ಮಂಜೂರಾದ ಜಮೀನಿನ ವಿಷಯ ಹೇಳದೆ ಮುಂದೆ ಹೋಗಲಾರೆ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಭೂಮಿಯನ್ನು ಸರ್ಕಾರದ ಪೂರ್ವಾನುಮತಿ ಇಲ್ಲದೆ ಕೊಳ್ಳುವಂತಿಲ್ಲ. 1978ರ ಪಿಟಿಸಿಎಲ್ ಕಾಯ್ದೆ ಅದನ್ನು ತಡೆಯುತ್ತದೆ. ಎಷ್ಟೋ ವರ್ಷ ಕಳೆದ ಮೇಲೂ ಮೂಲ ಮಂಜೂರುದಾರರ ಮಕ್ಕಳು ಹುಣಸೂರಿನ ಉಪವಿಭಾಗಾಧಿಕಾರಿಗಳ ಮುಂದೆ ಅರ್ಜಿ ಹಾಕಬಹುದು. ಕಾಲಮಿತಿಯ ಮಾತು ಬೇಡ ಎಂದು 2023ರ ತಿದ್ದುಪಡಿ ಹೇಳಿದೆ. ಆ ಜಮೀನಿನಲ್ಲಿ ಕಟ್ಟಿದ ಮನೆಯೂ ಅದರ ಜೊತೆಗೇ ತೊಡಕಿಗೆ ಸಿಕ್ಕುತ್ತದೆ. ಆ ಕಾನೂನು ಇರುವುದು ಬಡವರ ತುಂಡು ನೆಲ ಉಳಿಯಲಿ ಎಂದು, ಅದನ್ನು ಬಳಸು ದಾರಿಯಲ್ಲಿ ದಾಟಲು ಹೋಗಬೇಡಿ. ಹಾಗೆಯೇ ಆಶ್ರಯ ಮನೆ, ನಿವೇಶನದ ಹಕ್ಕುಪತ್ರದಲ್ಲಿ ಇಷ್ಟು ವರ್ಷ ಪರಭಾರೆ ಮಾಡಬಾರದು ಎಂಬ ಷರತ್ತು ಇರುತ್ತದೆ. ಪೂರ್ತಿ ಓದಿ. ‘ಸದ್ಯಕ್ಕೆ ಜಿಪಿಎ ಮಾಡಿಕೊಡ್ತೀವಿ, ಅವಧಿ ಮುಗಿದ ಮೇಲೆ ರಿಜಿಸ್ಟರ್’ ಎಂದರೆ ಒಪ್ಪಬೇಡಿ. ಜಿಪಿಎ ಮೇಲೆ ಮನೆಯ ಒಡೆತನ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿಯಾಗಿದೆ.

ಈಗ ಅಕ್ಕತಂಗಿಯರ ಸಹಿ. ಇದನ್ನು ಕೊಳ್ಳುವವರಿಗೂ ಮಾರುವವರಿಗೂ ಸೇರಿಸಿ ಹೇಳುತ್ತೇನೆ. ಪಿತ್ರಾರ್ಜಿತ ಮನೆಯಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಪಾಲು ಎಂದು 2005ರ ತಿದ್ದುಪಡಿ ಹೇಳಿತು. ಆ ತಿದ್ದುಪಡಿ ಜಾರಿಗೆ ಬಂದ ದಿನ ತಂದೆ ಬದುಕಿರಲಿಲ್ಲ ಎಂಬ ಕಾರಣಕ್ಕೆ ಮಗಳ ಹಕ್ಕು ಹೋಗುವುದಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. ಆದರೂ ನಾಲ್ಕು ಜನ ಅಣ್ಣತಮ್ಮಂದಿರು ಸಹಿ ಹಾಕಿ, ‘ನಮ್ಮ ಅಕ್ಕ ಏನೂ ಅನ್ನಲ್ಲ’ ಎನ್ನುವುದು ನಿಂತಿಲ್ಲ. ಅಕ್ಕ ಏನೂ ಅನ್ನದಿದ್ದರೆ ಆಕೆಯೇ ಬಂದು ಸಹಿ ಹಾಕಲಿ. ಆಕೆಗೆ ಪಾಲು ಬೇಡವಾದರೆ ಹಕ್ಕು ಖುಲಾಸೆ ಪತ್ರ ನೋಂದಣಿಯಾಗಲಿ. ಸೀರೆ, ಅರಿಶಿನ ಕುಂಕುಮ ಕೊಟ್ಟು, ಓದಿ ಹೇಳದ ಕಾಗದದ ಮೇಲೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದು ತವರಿನವರು ಮಾಡುವ ಕೆಲಸವಲ್ಲ. ಕೊಳ್ಳುವವರು ವಂಶವೃಕ್ಷ ತರಿಸಿ, ಅದರಲ್ಲಿ ಹೆಣ್ಣುಮಕ್ಕಳ ಹೆಸರು ಬಿಟ್ಟುಹೋಗಿದೆಯೇ ಎಂದು ಬೀದಿಯಲ್ಲಿ ವಿಚಾರಿಸಿ. ಹಳ್ಳಿಯಲ್ಲಿ ಯಾರಿಗೆ ಎಷ್ಟು ಮಕ್ಕಳು ಎಂಬುದು ಗುಟ್ಟಲ್ಲ. ಅಪ್ರಾಪ್ತ ಮಕ್ಕಳ ಪಾಲಿದ್ದರೆ ವಕೀಲರನ್ನು ಕೇಳದೆ ಒಂದು ಹೆಜ್ಜೆಯೂ ಇಡಬೇಡಿ. ನ್ಯಾಯಾಲಯದ ಅನುಮತಿ ಬೇಕಾಗಬಹುದು.

ಇಷ್ಟೆಲ್ಲ ಸರಿಬಂದ ಮೇಲೆ ದುಡ್ಡಿನ ಮಾತು. ಮುಂಗಡವನ್ನು ಬ್ಯಾಂಕಿನ ಮೂಲಕವೇ ಕೊಡಿ. ಮನೆ, ಜಮೀನಿನ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕೆ ಮೇಲ್ಪಟ್ಟು ನಗದು ತೆಗೆದುಕೊಳ್ಳುವುದನ್ನು 2015ರಿಂದಲೇ ಕಾನೂನು ತಡೆದಿದೆ. ತೆಗೆದುಕೊಂಡವರಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು. ಕ್ರಯದ ಕರಾರಿನಲ್ಲಿ ಚಕ್ಕುಬಂದಿ, ಪೂರ್ತಿ ಬೆಲೆ, ಕೊಟ್ಟ ಮುಂಗಡ, ನೋಂದಣಿಯ ಗಡುವು, ಇರುವ ಸಾಲ ಯಾರು ತೀರಿಸಬೇಕು, ಮಾತು ತಪ್ಪಿದರೆ ಏನು ಎಂಬುದೆಲ್ಲ ಬರಲಿ. ಕರಾರನ್ನೂ ನೋಂದಣಿ ಮಾಡಿಸಿದರೆ ಇನ್ನೂ ಒಳ್ಳೆಯದು. ಗಡುವು ದಾಟಿ ಮೂರು ವರ್ಷ ಸುಮ್ಮನೆ ಕೂತರೆ ಕರಾರು ಜಾರಿಗೆ ದಾವೆ ಹಾಕುವ ಅವಕಾಶವೂ ಹೋಗುತ್ತದೆ.

ನೋಂದಣಿಯ ಖರ್ಚನ್ನು ಮೊದಲೇ ಎತ್ತಿಡಿ. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ನೂರಕ್ಕೆ 1 ಇದ್ದದ್ದು 2 ಆಯಿತು. ಮುದ್ರಾಂಕ ಶುಲ್ಕ 5, ಅದರ ಮೇಲಿನ ಸೆಸ್, ಸರ್‌ಚಾರ್ಜ್ ಎಲ್ಲ ಸೇರಿ ಪಟ್ಟಣದಲ್ಲಿ ನೂರಕ್ಕೆ 7.60. ಮೂವತ್ತು ಲಕ್ಷದ ಮನೆಗೆ 2,28,000 ರೂಪಾಯಿ ಆಯಿತು. ಹಳ್ಳಿಯಲ್ಲಾದರೆ 7.65. ಕ್ರಯದ ಮೊತ್ತ ಅಥವಾ ಸರ್ಕಾರದ ಮಾರ್ಗಸೂಚಿ ದರ, ಯಾವುದು ಹೆಚ್ಚೋ ಅದರ ಮೇಲೆ ಈ ಲೆಕ್ಕ. ಬಹಳ ಜನ ಇದನ್ನು ಮರೆತು, ಇದ್ದುದನ್ನೆಲ್ಲ ಮನೆಗೆ ಸುರಿದು, ಕೊನೆಗೆ ಹೆಂಡತಿಯ ಬಳೆಗೆ ಕೈ ಹಾಕುತ್ತಾರೆ. ಹಾಸಿಗೆ ಇದ್ದಷ್ಟೇ ಕಾಲು ಚಾಚಿ. ಶುಲ್ಕ ಉಳಿಸಲು ಪತ್ರದಲ್ಲಿ ಹದಿನೈದು ಬರೆಸಿ ಕೈಯಲ್ಲಿ ಮೂವತ್ತು ಕೊಡುವ ಚಾಳಿ ಬೇಡವೇ ಬೇಡ. ವ್ಯವಹಾರ ಮುರಿದರೆ ಆ ಉಳಿದ ಹದಿನೈದಕ್ಕೆ ನಿಮ್ಮ ಹತ್ತಿರ ಯಾವ ಸಾಕ್ಷಿ ಇರುತ್ತದೆ?

ಮಾರುವವರಿಗೂ ಎರಡು ಮಾತು. ಖಾತೆ ಇನ್ನೂ ತೀರಿಹೋದ ತಾತನ ಹೆಸರಿನಲ್ಲಿದ್ದರೆ ಗಿರಾಕಿ ಬರುವ ಮುಂಚೆಯೇ ಪೌತಿ ಖಾತೆ ಮಾಡಿಸಿಕೊಳ್ಳಿ. ಬ್ಯಾಂಕಿನ ಸಾಲ ತೀರಿದ್ದರೆ ಋಣವಿಮೋಚನೆ ಪತ್ರ ಕೈಗೆ ತೆಗೆದುಕೊಂಡು, ಇಸಿಯಲ್ಲಿ ಅಡಮಾನ ತೀರಿದ್ದು ಬರುವಂತೆ ನೋಡಿ. ಮೂಲಪತ್ರವನ್ನು ದಲ್ಲಾಳಿಯ ಕೈಗೆ ಕೊಡಲೇಬೇಡಿ. ಜೆರಾಕ್ಸ್ ಕೊಡಿ, ಅದರ ಮೇಲೆ ‘ಪರಿಶೀಲನೆಗೆ ಮಾತ್ರ’ ಎಂದು ಬರೆದು ಕೊಡಿ. ಖಾಲಿ ಸ್ಟಾಂಪ್ ಪೇಪರಿಗೆ ಸಹಿ ಬೇಡ. ದಲ್ಲಾಳಿಯ ಕಮಿಷನ್ ಎಷ್ಟು, ಯಾವಾಗ, ಯಾರು ಕೊಡಬೇಕು ಎಂಬುದನ್ನು ಮೊದಲ ದಿನವೇ ಇತ್ಯರ್ಥ ಮಾಡಿ. ಬೋರ್‌ವೆಲ್ ಬೇಸಿಗೆಯಲ್ಲಿ ನಿಲ್ಲುತ್ತದೆ ಎಂದರೆ ನಿಲ್ಲುತ್ತದೆ ಎಂದೇ ಹೇಳಿ. ಬೆಲೆಯಲ್ಲಿ ಸ್ವಲ್ಪ ಇಳಿಯಬಹುದು, ಆದರೆ ಆಮೇಲೆ ಬೀದಿಯಲ್ಲಿ ಬೈಸಿಕೊಳ್ಳುವುದು ಇರುವುದಿಲ್ಲ.

ವಯಸ್ಸಾದ ಅಪ್ಪ ಅಮ್ಮಂದಿರಿಗೆ ಇದು. ಊರಿನ ಮನೆ ಮಾರಿ ಮಗನ ಅಪಾರ್ಟ್‌ಮೆಂಟಿಗೆ ದುಡ್ಡು ಕೊಡುವಾಗ ನಿಮ್ಮ ತಲೆಯ ಮೇಲೊಂದು ಸೂರು ಉಳಿಸಿಕೊಂಡೇ ಕೊಡಿ. ಮನೆಯನ್ನೇ ದಾನಪತ್ರ ಮಾಡಿಕೊಡುವುದಾದರೆ ‘ನಮ್ಮನ್ನು ನೋಡಿಕೊಳ್ಳಬೇಕು’ ಎಂಬ ಷರತ್ತನ್ನು ಪತ್ರದಲ್ಲೇ ಬರೆಸಿ. 2007ರ ಹಿರಿಯ ನಾಗರಿಕರ ಕಾಯ್ದೆಯ ಪ್ರಕಾರ, ಆ ಷರತ್ತು ಮುರಿದರೆ ಪತ್ರ ರದ್ದು ಮಾಡಿಸಲು ಉಪವಿಭಾಗಾಧಿಕಾರಿಗಳ ಹತ್ತಿರ ಹೋಗಬಹುದು. ನಮ್ಮ ನಾಲ್ಕೂ ತಾಲ್ಲೂಕುಗಳಿಗೆ ಆ ಕಚೇರಿ ಹುಣಸೂರಿನಲ್ಲೇ ಇದೆ. ಮಕ್ಕಳ ಮೇಲೆ ಅನುಮಾನಪಡಿ ಎಂದು ಹೇಳುತ್ತಿಲ್ಲ. ಒಳ್ಳೆಯ ಮಕ್ಕಳು ಆ ಒಂದು ಸಾಲಿಗೆ ಬೇಸರಪಡುವುದಿಲ್ಲ.

ನೋಂದಣಿ ಮುಗಿಸಿ ಹೋಟೆಲಿನಲ್ಲಿ ಎಲ್ಲರಿಗೂ ಊಟ ಹಾಕಿಸಿ ಮನೆಗೆ ಬಂದ ಮೇಲೆ ಪತ್ರವನ್ನು ಬೀರುವಿನಲ್ಲಿಟ್ಟು ಮರೆಯಬೇಡಿ. ಖಾತೆ ನಿಮ್ಮ ಹೆಸರಿಗೆ ಬಂದಿದೆಯೇ ಎಂದು ಪಂಚಾಯಿತಿಗೋ ಪುರಸಭೆಗೋ ಹೋಗಿ ನೋಡಿ. ಸೆಸ್ಕ್ ಕಚೇರಿಯಲ್ಲಿ ಆರ್.ಆರ್. ನಂಬರ್ ನಿಮ್ಮ ಹೆಸರಿಗೆ ಮಾಡಿಸಿ, ನೀರಿನ ಬಾಕಿ ವಿಚಾರಿಸಿ. ಪತ್ರವನ್ನು ಮತ್ತೊಮ್ಮೆ ಸಾಲು ಸಾಲಾಗಿ ಓದಿ. ಹೆಸರಿನ ಒಂದಕ್ಷರ, ಸ್ವತ್ತಿನ ಸಂಖ್ಯೆಯ ಒಂದಂಕಿ, ದಿಕ್ಕಿನ ಒಂದಳತೆ ತಪ್ಪಿದ್ದರೂ, ಮಾರಿದವರು ಇನ್ನೂ ಊರಲ್ಲಿರುವಾಗಲೇ, ಮನಸ್ಸು ಚೆನ್ನಾಗಿರುವಾಗಲೇ ತಿದ್ದುಪಡಿ ಪತ್ರ ಮಾಡಿಸಿಕೊಳ್ಳಿ. ಅವರು ಮಗನ ಹತ್ತಿರ ಬೆಂಗಳೂರಿಗೆ ಹೋಗಿ ನೆಲೆಸಿದ ಮೇಲೆ ಒಂದು ಸಹಿಗಾಗಿ ಕರೆಸಿಕೊಳ್ಳುವುದು ಕಷ್ಟ.